ಹುಳಮನೆಯಲ್ಲಿ ಮಾವಿನ ಹಣ್ಣಿನ ವಾಸನೆ

ಮಡಕಶಿರದ ನಮ್ಮ ಚಿಕ್ಕಮ್ಮನ ಹುಳಮನೆಯೊಳಕ್ಕೆ ಹೋಗಬೇಕಾದರೆ ಚಪ್ಪಲಿ ಹೊರಗೆ ಬಿಡಬೇಕು, ಬಾಗಿಲಲ್ಲಿಟ್ಟ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಬೇಕು, ಆಮೇಲೆ ಎರಡೂ ಅಂಗೈ ಚಾಚಿ ಅವಳ ಮೂಗಿನ ಮುಂದೆ ನಿಲ್ಲಬೇಕು. ಅವಳು ಬಗ್ಗಿ, ಕಣ್ಣು ಮುಚ್ಚಿ, ಮೂಸುತ್ತಾಳೆ. ಬೀಡಿ, ಸಿಗರೇಟು, ನಶ್ಯ, ಹೊಗೆಸೊಪ್ಪು, ಯಾವುದರ ಸುಳಿವು ಸಿಕ್ಕಿದರೂ ಅಲ್ಲಿಂದಲೇ ವಾಪಸ್ಸು. ಹೊಗೆಸೊಪ್ಪಿನ ಗಾಳಿ ಸೋಕಿದರೆ ಸಾಕು, ರೇಷ್ಮೆ ಹುಳ ತಲೆ ಎತ್ತಿ, ವಾಂತಿ ಮಾಡಿಕೊಂಡು ಸಾಯುತ್ತದೆ. ಒಮ್ಮೆ ಹುಳ ನೋಡಲು ಬಂದಿದ್ದ ದೊಡ್ಡ ಸಾಹೇಬರೊಬ್ಬರನ್ನೂ ಹೀಗೇ ಮೂಸಿ, ಬಾಗಿಲಿನಾಚೆಯೇ ನಿಲ್ಲಿಸಿ, ಒಂದು ಲೋಟ ಮಜ್ಜಿಗೆ ಕೊಟ್ಟು ಕಳಿಸಿದ್ದಳಂತೆ.

ಆ ಮೂಗಿಗೆ ಮೋಸ ಮಾಡಿ ಒಳಗೆ ಹೋದವಳು ನಾನೊಬ್ಬಳೇ. ಬೇಕೆಂದು ಮಾಡಿದ್ದಲ್ಲ. ಆಗ ನನಗೆ ಹದಿನೇಳು, ಇಂಟರ್, ಅಂದರೆ ಪಿಯುಸಿ, ಎರಡನೇ ವರ್ಷದ ಪರೀಕ್ಷೆ ಮುಗಿದು ನಾಲ್ಕು ದಿನವಾಗಿತ್ತು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ನನ್ನ ಕಥೆಗೆ ಮುಂಚೆ ಚಿಕ್ಕಪ್ಪನ ಕಥೆ ಹೇಳಬೇಕು. ಆ ಹುಳಮನೆಯನ್ನು ಕಟ್ಟಿದವನು ಚಿಕ್ಕಪ್ಪನೇ. ಇಪ್ಪತ್ತೆರಡು ವರ್ಷದ ಹಿಂದೆ ಕಲ್ಲು ಹೊತ್ತು, ಮಣ್ಣು ಕಲಸಿ, ಒಬ್ಬ ಮೇಸ್ತ್ರಿಯನ್ನು ಜೊತೆಗಿಟ್ಟುಕೊಂಡು ಎಬ್ಬಿಸಿದ್ದ. ಮೊದಲ ಹುಳ ಒಳಗೆ ಬಂದ ದಿನವೇ ಚಿಕ್ಕಮ್ಮ ಅವನನ್ನು ಹೊರಗೆ ಹಾಕಿದಳು. ಬೀಡಿ ಸೇದುತ್ತಿದ್ದ, ಅದಕ್ಕೆ. ಅಂದಿನಿಂದ ಬಾಗಿಲಿನೆದುರು ಬೇವಿನ ಮರದ ಕೆಳಗಿನ ಚಪ್ಪಡಿ ಕಲ್ಲೇ ಅವನ ಜಾಗ. ಹುಳಕ್ಕೆ ಹಿಪ್ಪುನೇರಳೆ ಸೊಪ್ಪು ಕೊಯ್ದು ತಂದು ಬಾಗಿಲಲ್ಲಿ ಹಾಕುವುದು, ಕಲ್ಲಿನ ಮೇಲೆ ಕೂರುವುದು, ಒಳಗಿನಿಂದ ಹೆಂಡತಿ ಹುಳ ಹೇಗಿವೆ ಎಂದು ಕೂಗಿ ಹೇಳಿದರೆ ಕೇಳಿಸಿಕೊಳ್ಳುವುದು.

ಅವನು ಆ ವರ್ಷ ದಸರಾ ಕಳೆದ ಮೇಲೆ ಬೀಡಿ ಬಿಟ್ಟಿದ್ದ. ನಿಜವಾಗಿ ಬಿಟ್ಟಿದ್ದ. ಬಾಯಿ ಬೇಡಿದಾಗಲೆಲ್ಲ ಒಂದು ಕಡಲೆಕಾಯಿ ಸುಲಿದು ಬಾಯಿಗೆ ಹಾಕಿಕೊಳ್ಳುತ್ತಿದ್ದ. ಅಲ್ಲಿ ಅದನ್ನು ಕಳ್ಳೇಕಾಯಿ ಎನ್ನುತ್ತಾರೆ, ನಮ್ಮೂರಲ್ಲಿ ಶೇಂಗಾ. ಚಪ್ಪಡಿಯ ಸುತ್ತ ಮೊಣಕಾಲೆತ್ತರ ಸಿಪ್ಪೆಯ ರಾಶಿ. ಚಿಕ್ಕಮ್ಮ ಮಾತ್ರ ನಂಬಿರಲಿಲ್ಲ. ಹಿಂದೆ ನಾಲ್ಕು ಸಲ ಬಿಟ್ಟು ನಾಲ್ಕು ಸಲ ಹಿಡಿದವನು. "ಈ ಬೆಳೆ ಒಂದ್ ಕಳೀಲಿ ಮಾವ, ನೋಡಾನ" ಎಂದಿದ್ದಳು. ಸೋದರಮಾವನ ಮಗನನ್ನೇ ಮದುವೆಯಾದವಳಾದ್ದರಿಂದ ಗಂಡನನ್ನು ಮಾವ ಎಂದೇ ಕರೆಯುತ್ತಾಳೆ. ಈ ಬೆಳೆ ಕೆಡದೆ ಬಂದರೆ ಮುಂದಿನ ಬೆಳೆಗೆ ಅವನೂ ಒಳಗೆ. ಅವನು ಅದಕ್ಕೆ "ಸರ್ಲೇ" ಎಂದಿದ್ದ, ಆಯಿತು ಬಿಡು ಎನ್ನುವ ಹಾಗೆ. ಮನೆ ಬಿದ್ದರೂ ಅವನು ಸರ್ಲೇ ಎನ್ನುವವನೇ. ಆದರೆ ಆಗಲೇ ಒಂದು ಹೊಸ ಟವೆಲ್ ತಂದು, ಮಡಿಚಿ, ಟ್ರಂಕಿನಲ್ಲಿ ಇಟ್ಟಿದ್ದನಂತೆ, ಒಳಗೆ ಹೋಗುವ ದಿನ ಹೆಗಲಿಗೆ ಹಾಕಿಕೊಳ್ಳಲು.

ಇನ್ನು ನನ್ನ ಕಥೆ. ನಮ್ಮೂರು ರಾಯದುರ್ಗ. ಬೀದಿಗೆ ಹತ್ತು ಮನೆಯಲ್ಲಿ ಜೀನ್ಸ್ ಹೊಲಿಯುತ್ತಾರೆ, ನಮ್ಮ ಮನೆಯಲ್ಲೂ ಅಮ್ಮ ನಾಲ್ಕು ಮಷೀನು ಇಟ್ಟಿದ್ದಾಳೆ. ಕಾಲೇಜಿನ ನೀರಿನ ಟ್ಯಾಂಕಿನ ಹಿಂದೆ ಒಂದು ದಿನ ಗೆಳತಿಯೊಬ್ಬಳು ಗುಲಾಬಿ ಬಣ್ಣದ ಕಡ್ಡಿಯೊಂದನ್ನು ನನ್ನ ಕೈಗಿಟ್ಟಳು. ಪುಸ್ತಕದಲ್ಲಿ ಗೆರೆ ಎಳೆಯುವ ಮಾರ್ಕರ್ ಇದ್ದ ಹಾಗಿತ್ತು. ಅವಳ ಅಣ್ಣ ಬಳ್ಳಾರಿಯಿಂದ ಯಾರ ಕೈಲೋ ಕದ್ದುಮುಚ್ಚಿ ತರಿಸಿದ್ದು.

"ವೇಪ್ ಅಂತಾರ ಇದಕ್ಕ. ಸಿಗರೇಟಲ್ಲ ಬಿಡಲೇ, ಬರೇ ಹಣ್ಣಿನ ಆವಿ ಐತಿ. ಸೇದಿ ನೋಡು" ಎಂದಳು.

ಎಳೆದೆ. ಕೆಮ್ಮಿದೆ. ಕಣ್ಣಲ್ಲಿ ನೀರು ಬಂತು. ಬಾಯಲ್ಲಿ ಮಾತ್ರ ಬಾದಾಮಿ ಮಾವು, ಅದೂ ಫ್ರಿಜ್ಜಿನಲ್ಲಿಟ್ಟದ್ದು. ಇನ್ನೊಂದು ಎಳೆದೆ. ಪರೀಕ್ಷೆಯ ಹೊತ್ತಿಗೆ ನನ್ನದೇ ಒಂದು ಕಡ್ಡಿ ಇತ್ತು, ಗಂಟೆಗೊಮ್ಮೆ ಬಚ್ಚಲುಮನೆಗೆ ಹೋಗದಿದ್ದರೆ ಓದಿದ್ದು ತಲೆಗೆ ಹತ್ತುತ್ತಿರಲಿಲ್ಲ. ಮಗಳಿಗೆ ಹೊಟ್ಟೆ ಕೆಟ್ಟಿದೆ ಎಂದು ಅಮ್ಮ ಮೂರು ವಾರ ಮೆಂತ್ಯದ ನೀರು ಕುಡಿಸಿದಳು. ನಾನು ಕುಡಿದೆ, ಬೇರೆ ದಾರಿ ಏನಿತ್ತು.

ಒಂದು ದಿನ ಕಡ್ಡಿಯೇ ಅಮ್ಮನ ಕೈಗೆ ಸಿಕ್ಕಿತು. "ಜಳಕದ ಮನ್ಯಾಗ ಬಿದ್ದಿತ್ತು. ಏನಿದು?" ಎಂದಳು. ಅವಳೂ ಮಡಕಶಿರದವಳೇ, ಆದರೆ ಇಪ್ಪತ್ತು ವರ್ಷದಲ್ಲಿ ಮಾತು ಪೂರಾ ನಮ್ಮೂರಿನದಾಗಿದೆ.

"ಪೆನ್ ಡ್ರೈವ್ ಅಮ್ಮ. ಪ್ರಾಜೆಕ್ಟ್ ಐತಿ ಅದ್ರಾಗ."

"ಇಷ್ಟು ದೊಡ್ಡದ್ಯಾಕ?"

"ಪ್ರಾಜೆಕ್ಟ್ ದೊಡ್ಡದೈತಿ."

ಅಮ್ಮ ಅದನ್ನು ಸೆರಗಿನಿಂದ ಒರೆಸಿ, ಹಾಳಾಗದಿರಲಿ ಎಂದು ಕತ್ತರಿ ಇಡುವ ಡ್ರಾಯರಿನಲ್ಲಿ ಜೋಪಾನ ಮಾಡಿದಳು. ಊರಿಗೆ ಹೊರಡುವ ದಿನ ಅವಳೇ ನೆನಪಿಸಿ ನನ್ನ ಬ್ಯಾಗಿಗೆ ಹಾಕಿದಳು. ಇದನ್ನು ಈಗ ಬರೆಯುವಾಗಲೂ ನಗು ಬರುತ್ತದೆ.

ರಾಯದುರ್ಗದಿಂದ ಮಡಕಶಿರಕ್ಕೆ ಎರಡು ಬಸ್ಸು ಬದಲಾಯಿಸಬೇಕು. ನಡುವೆ ಪಾವಗಡದಲ್ಲಿ ಒಮ್ಮೆ ಕರ್ನಾಟಕಕ್ಕೆ ಹೋಗಿ ಮತ್ತೆ ಆಂಧ್ರಕ್ಕೆ ಬರಬೇಕು. ಬಸ್ ಸ್ಟಾಂಡಿನಲ್ಲಿ ಚಿಕ್ಕಮ್ಮನ ಮಗಳು ಕಾಯುತ್ತಿದ್ದಳು. ನನಗಿಂತ ಮೂರು ತಿಂಗಳು ಚಿಕ್ಕವಳು, ಲೆಕ್ಕಕ್ಕೆ ತಂಗಿ, ನಾಲ್ಕು ಬೆರಳು ಎತ್ತರ.

"ಬಾರಮ್ಮಿ ರಾಯದುರ್ಗದೋಳೆ. ಏನ್ ತಂದಿದೀಯ?"

ಬ್ಯಾಗಿನ ಬಾಯಿ ತೆರೆದು ತೋರಿಸಿದೆ. ಅವಳು ಬಗ್ಗಿ ನೋಡಿ, ಅದೇನೆಂದು ಗೊತ್ತಾಗಿ, ಬಸ್ ಸ್ಟಾಂಡಿನ ನಡುವೆಯೇ ನನ್ನ ಬೆನ್ನಿಗೊಂದು ಗುದ್ದಿದಳು. ತನ್ನ ಹತ್ತಿರವೂ ಒಂದು ಗುಟ್ಟಿದೆ ಎಂದು ಕಿವಿಯಲ್ಲಿ ಹೇಳಿದಳು. ಪಕ್ಕದ ಮನೆಯ ತಾರಸಿ ಮೋಲ್ಡಿಂಗ್ ದಿನ ಮೇಸ್ತ್ರಿಗಳಿಗೆ ಕೋಳಿ ಊಟ, ಎಣ್ಣೆ ಕೊಟ್ಟಿದ್ದರು. ಸಿಮೆಂಟು ಚೀಲದ ಹಿಂದೆ ಉಳಿದುಹೋಗಿದ್ದ ಅರ್ಧ ಕ್ವಾರ್ಟರನ್ನು ಇವಳು ಎತ್ತಿಕೊಂಡು ಬಂದು ಮೋಟಾರು ಮನೆಯ ಸಂದಿಯಲ್ಲಿ ಮಡಗಿದ್ದಳು.

ನಾವು ಮನೆ ಮುಟ್ಟಿದಾಗ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಮೇವು ಬಿಟ್ಟು ಪೊರೆ ಕಳಚುವುದಕ್ಕೆ ಅಲ್ಲಿ ಜ್ವರ ಎನ್ನುತ್ತಾರೆ. ನಾಲ್ಕು ಸಲ ಎದ್ದ ಮೇಲೆ ಒಂದು ವಾರ ಬಕಾಸುರನ ಊಟ, ಆಮೇಲೆ ಹಣ್ಣಾಗಿ ಗೂಡು ಕಟ್ಟುತ್ತವೆ. ಆ ವಾರದಲ್ಲಿ ಸೊಪ್ಪು ಕೊಯ್ಯುವುದಕ್ಕೂ ಹಾಕುವುದಕ್ಕೂ ಎಷ್ಟು ಕೈ ಇದ್ದರೂ ಸಾಲದು. ನನ್ನನ್ನು ಕರೆಸಿದ್ದೂ ಅದಕ್ಕೇ.

ಮೂರನೇ ದಿನ ಮಧ್ಯಾಹ್ನ ನಾವಿಬ್ಬರೂ ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆವು. ಎರಡು ಹೊರೆ ಕೊಯ್ದು, ಮೋಟಾರು ಮನೆಯ ನೆರಳಲ್ಲಿ ಕೂತೆವು. ಅವಳು ಬಾಟಲಿ ತೆಗೆದು ನಿಂಬೆ ಸೋಡಾದೊಳಕ್ಕೆ ಸುರಿದಳು. ಮೊದಲ ಗುಟುಕು ಕುಡಿದು ಇಬ್ಬರೂ ಒಂದೇ ಸಲ ಮುಖ ಸಿಂಡರಿಸಿದೆವು. ಸೀಮೆಎಣ್ಣೆಗೆ ನಿಂಬೆಹಣ್ಣು ಹಿಂಡಿದರೆ ಹೀಗೇ ಇರುತ್ತದೇನೋ. ನಡುವೆ ನಡುವೆ ನನ್ನ ಕಡ್ಡಿ ಎಳೆದು ಬಾಯಿ ಸಿಹಿ ಮಾಡಿಕೊಂಡೆವು.

ಸ್ವಲ್ಪ ಹೊತ್ತಿಗೆ ಎದುರಿನ ಕೋಟೆ ಬೆಟ್ಟ ಉಸಿರಾಡತೊಡಗಿತು. "ಅಮ್ಮಿ, ಬೆಟ್ಟ ಅಳ್ಳಾಡ್ತೈತೆ" ಎಂದಳು ಅವಳು. "ನೀ ಅದನ್ನ ಹಿಡ್ಕ, ನಾ ಸೊಪ್ಪು ಹಿಡ್ಕೊತೀನಿ" ಎಂದೆ. ಇದು ಅಷ್ಟೇನೂ ದೊಡ್ಡ ತಮಾಷೆಯಲ್ಲ. ಆದರೆ ಅವತ್ತು ನಾವು ನಕ್ಕು ನಕ್ಕು ಸೊಪ್ಪಿನ ಹೊರೆಯ ಮೇಲೆ ಬಿದ್ದೆವು. ಹಿಂದೂಪುರದ ಬಸ್ಸಿನ ಹಾರ್ನ್ ಕೇಳಿದರೆ ನಗು. ಕಾಗೆ ಕೂಗಿದರೆ ನಗು. ನನಗೆ ಬಿಕ್ಕಳಿಕೆ ಶುರುವಾಯಿತು, ಅದಕ್ಕೂ ನಗು. ಸಂತೋಷವಾಗಿತ್ತು, ಸುಳ್ಳು ಯಾಕೆ ಹೇಳಲಿ. ಅಂಥ ಮಧ್ಯಾಹ್ನ ನನ್ನ ಜನ್ಮದಲ್ಲಿ ಇನ್ನೊಂದು ಬಂದಿಲ್ಲ.

ಆ ಗಲಾಟೆಯಲ್ಲಿ ಕಡ್ಡಿ ನನ್ನ ಕೆಳಗೆ ಸಿಕ್ಕಿ ಒಡೆಯಿತು. ಒಳಗಿನ ಅಂಟು ರಸವೆಲ್ಲ ಅಂಗೈಗೆ ಮೆತ್ತಿಕೊಂಡಿತು. ಸೊಪ್ಪಿಗೇ ಒರೆಸಿಕೊಂಡೆ. ನೀರಿರಲಿಲ್ಲ, ಕರೆಂಟು ಇಲ್ಲದೆ ಮೋಟಾರು ನಿಂತಿತ್ತು. ಒಡೆದ ಕಡ್ಡಿಯನ್ನು ಪಾಪ, ನೋವಾಗಿರಬೇಕು ಎಂದು ಕರ್ಚೀಫಿನಲ್ಲಿ ಸುತ್ತಿ ಜೇಬಿಗಿಟ್ಟುಕೊಂಡೆ. ಬಾಯಿ ತುಂಬ ಸೋಂಪು ಅಗಿದು, ಹೊರೆ ಹೊತ್ತು ಹೊರಟೆವು.

ಹುಳಮನೆಯ ಬಾಗಿಲಲ್ಲಿ ಚಿಕ್ಕಮ್ಮ ನಿಂತಿದ್ದಳು. ಮಗಳ ಕೈ ಮೂಸಿದಳು. ನನ್ನ ಕೈ ಮೂಸಿದಳು. ನಾನು ಉಸಿರು ಬಿಗಿಹಿಡಿದಿದ್ದೆ, ಬಿಕ್ಕಳಿಕೆ ತಡೆಯಲು.

"ಮಾವಿನ್‌ಹಣ್ಣು ತಿಂದ್ರೇನ್ರಮ್ಮಿ? ನಂಗೊಂದ್ ಮಡಗಬಾರ್ದಾ?" ಎಂದು ನಕ್ಕು, ದಾರಿ ಬಿಟ್ಟಳು. ಎಮ್ಮೆ ಕೂಗುತ್ತಿತ್ತು, ಹಾಲು ಕರೆಯಲು ಹೋದಳು.

ಬಾಗಿಲ ಹತ್ತಿರದ ಸ್ಟ್ಯಾಂಡಿನ ತಟ್ಟೆಗಳಿಗೆ ನಾನು ಸೊಪ್ಪು ಹಾಕಿದೆ. ಒಳಗಿನ ಮೂರು ಸ್ಟ್ಯಾಂಡಿಗೆ ತಂಗಿ ಬೇರೆ ಹೊರೆಯಿಂದ ಹಾಕಿದಳು. ಕೆಲಸ ಮುಗಿಸಿ ನೆಲದ ಮೇಲೆ ಕೂತು ಸುಧಾರಿಸಿಕೊಂಡು, ಎದ್ದು ನೋಡಿದರೆ ನನ್ನ ತಟ್ಟೆಯ ಹುಳಗಳು ತಲೆ ಎತ್ತಿವೆ. ಎತ್ತಿ, ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತೂಗುತ್ತಿವೆ.

"ನೋಡಲೇ, ಇವೂ ಕುಡ್ದಾವು" ಎಂದೆ.

ಅವಳು ಬಂದು ನೋಡಿದಳು. ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಒಂದು ಹುಳ ತೂಗಿ ತೂಗಿ ಪಕ್ಕದ್ದರ ಮೇಲೆ ಬಿತ್ತು. ಇನ್ನೊಂದರ ಬಾಯಿಂದ ಹಸಿರು ನೀರು ಬಂತು. ಆಗ ಅವಳ ನಗು ನಿಂತಿತು. ಹುಳದ ಮನೆಯಲ್ಲಿ ಹುಟ್ಟಿದವಳು, ನನಗಿಂತ ಮುಂಚೆ ಅರ್ಥವಾಯಿತು. "ಅಮ್ಮ" ಎಂದು ಕಿರುಚಿಕೊಂಡಳು.

ಚಿಕ್ಕಮ್ಮ ಹಾಲಿನ ಚೊಂಬು ಹಿಡಿದೇ ಓಡಿ ಬಂದಳು. ಒಂದು ತಟ್ಟೆ ನೋಡಿದಳು, ಎರಡನೆಯದು ನೋಡಿದಳು. ಕಿಟಕಿಗಳನ್ನೆಲ್ಲ ತೆರೆದಳು. ಬಾಗಿಲಿಗೆ ಹತ್ತಿರದ ಸ್ಟ್ಯಾಂಡು ಒಂದೇ ಕೆಟ್ಟಿತ್ತು, ಬಾಗಿಲಿನೆದುರಿಗೆ ಚಪ್ಪಡಿ ಕಲ್ಲು, ಕಲ್ಲಿನ ಮೇಲೆ ಚಿಕ್ಕಪ್ಪ. ಅವಳ ಲೆಕ್ಕ ಅಷ್ಟರಲ್ಲೇ ಮುಗಿಯಿತು.

"ಇನ್ನ್ ನಾಕ್ ದಿನ ತಡ್ಕಣಕ್ಕಾಗ್ಲಿಲ್ವಾ ಮಾವ ನಿಂಗೆ?"

ಕಡಲೆಕಾಯಿ ಸುಲಿಯುತ್ತಿದ್ದ ಚಿಕ್ಕಪ್ಪ ತಲೆ ಎತ್ತಿದ. "ನಾ ಸೇದಿಲ್ಲ ಕಣೆ."

"ಗಾಳಿ ಇತ್ಲಾಗೆ ಬೀಸ್ತೈತೆ. ಬಾಗ್ಲಾಗಿರೋ ಹುಳ ವಾಂತಿ ಮಾಡ್ತಾವೆ. ಇನ್ಯಾರ್ ಸೇದವ್ರೆ, ಎಮ್ಮೆ ಸೇದೈತಾ?"

ಅವನು ಎದ್ದು ಬಂದು ಎರಡೂ ಅಂಗೈ ಚಾಚಿದ. ಇಪ್ಪತ್ತೆರಡು ವರ್ಷದಲ್ಲಿ ಒಮ್ಮೆಯೂ ಆ ಬಾಗಿಲಲ್ಲಿ ಕೈ ಚಾಚದವನು. "ಮೂಸು" ಎಂದ. ಅವಳು ಮೂಸಲಿಲ್ಲ. ತಿರುಗಿ ಒಳಗೆ ಹೋದಳು. ಅವನ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಸರ್ಲೇ ಎಂದು ತನಗೇ ಹೇಳಿಕೊಂಡು, ರಸ್ತೆಯ ಕಡೆ ನಡೆದ.

ನಾನು ಅಲ್ಲೇ ಇದ್ದೆ. ಬಾಗಿಲಿಗೂ ಕಲ್ಲಿಗೂ ನಡುವೆ ನಿಂತು ಬಿಕ್ಕಳಿಸುತ್ತಿದ್ದೆ. ಜೇಬಿನಲ್ಲಿ ಒಡೆದ ಕಡ್ಡಿ ತೊಡೆಗೆ ಚುಚ್ಚುತ್ತಿತ್ತು. ಬಾಯಿ ಬಿಡಬೇಕಾಗಿತ್ತು, ಬಿಡಲಿಲ್ಲ. ಅದು ಹೊಗೆಯಲ್ಲ, ಹಣ್ಣಿನ ಆವಿ, ಹುಳಕ್ಕೆ ಬೇರೇನೋ ಆಗಿದೆ ಎಂದು ನನಗೆ ನಾನೇ ಹೇಳಿಕೊಂಡೆ. ಹೆದರಿದ್ದೆ. ಪುಕ್ಕಲಿ ನಾನು.

ಚಿಕ್ಕಮ್ಮ, ಮಗಳು ಸೇರಿ ಕೆಟ್ಟ ತಟ್ಟೆಗಳನ್ನು ಹೊರಗೆ ತಂದರು. ಹುಳಗಳನ್ನು ಬಲೆಯ ಮೇಲೆ ಹರಡಿ ಗಾಳಿಗೆ ಹಾಕಿದರು. ಕೆಲವು ಚೇತರಿಸಿಕೊಂಡು ಮೆಲ್ಲಗೆ ಹರಿದಾಡಿದವು. ಹೆಚ್ಚಿನವು ಹಾಗೇ ಚಾಚಿಕೊಂಡವು. ತಂಗಿ ನನ್ನನ್ನೇ ನೋಡುತ್ತಿದ್ದಳು, ಅವಳ ಕಣ್ಣು ಕೆಂಪಾಗಿತ್ತು. ನಾನು ಹೇಳಲಿ ಎಂದು ಬಿಟ್ಟಿದ್ದಳು.

ಹೊತ್ತು ಇಳಿಯುವ ಮುಂಚೆ ಚಿಕ್ಕಪ್ಪ ವಾಪಸ್ಸು ಬಂದ. ಕಲ್ಲಿನ ಮೇಲೆ ಕೂತ. ಜೇಬಿನಿಂದ ಒಂದು ಹೊಸ ಬೀಡಿ ಕಟ್ಟು ತೆಗೆದು, ಕಾಗದ ಹರಿದು, ಒಂದನ್ನು ಹೊರಗೆ ತೆಗೆದು ಬೆರಳ ನಡುವೆ ಇಟ್ಟುಕೊಂಡ. ಬೆಂಕಿಪೆಟ್ಟಿಗೆ ಹುಡುಕುತ್ತಿದ್ದ.

ಅಲ್ಲಿಗೆ ನನ್ನಿಂದಾಗಲಿಲ್ಲ.

"ಹಚ್ಚಬ್ಯಾಡ ಚಿಕ್ಕಪ್ಪ. ನಾನು. ನಂದು. ನಾ ಮಾಡಿದ್ದು ಅದು. ನನ್ನ ಕೈಯಾಗಿಂದಾಗೈತಿ" ಎಂದು ಶುರುಮಾಡಿ, ಟ್ಯಾಂಕಿನ ಹಿಂದಿನ ಗೆಳತಿಯಿಂದ ಹಿಡಿದು ಮೆಂತ್ಯದ ನೀರು, ಮೇಸ್ತ್ರಿಗಳ ಕ್ವಾರ್ಟರು, ಅಳ್ಳಾಡಿದ ಬೆಟ್ಟದವರೆಗೆ ಒಂದೇ ಉಸಿರಿನಲ್ಲಿ, ನಡುನಡುವೆ ಬಿಕ್ಕಳಿಸುತ್ತ ಹೇಳಿಬಿಟ್ಟೆ. ಮೆಂತ್ಯದ ನೀರಿನ ವಿಷಯ ಯಾರೂ ಕೇಳಿರಲಿಲ್ಲ. ಕರ್ಚೀಫು ಬಿಚ್ಚಿ ಕಡ್ಡಿಯನ್ನು ಕಲ್ಲಿನ ಮೇಲಿಟ್ಟೆ.

ಚಿಕ್ಕಮ್ಮ ಹಿಂದೆಯೇ ಬಂದು ನಿಂತಿದ್ದಳು. "ಅದೇ ಅನ್ಕಂತಿದ್ದೆ ಆಗ್ಲಿಂದ. ಇನ್ನೂ ಯುಗಾದಿನೇ ಬಂದಿಲ್ಲ, ಗಿಡದಾಗೆ ಮಿಡಿ ಐತೆ. ಇವಕ್ಕೆ ಮಾವಿನ್‌ಹಣ್ಣು ಎಲ್ಲಿಂದ ಬಂತು ಅಂತ."

"ಹೊಗೆ ಅಲ್ಲ ಅಂದಿದ್ರು ಚಿಕ್ಕಮ್ಮ, ಬರೇ ಆವಿ ಅಂತ."

ಚಿಕ್ಕಪ್ಪ ಕಡ್ಡಿಯನ್ನು ಎತ್ತಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದ. ಇಪ್ಪತ್ತೈದು ವರ್ಷ ಬೀಡಿ ಸೇದಿದ ಮೂಗು ಅದು. "ಇದು ಬೀಡಿನೇ ಕಣಮ್ಮಿ. ಬಣ್ಣ ಬಳಿದವ್ರೆ, ಸೆಂಟ್ ಹೊಡ್ದವ್ರೆ, ಅಷ್ಟೆ" ಎಂದ.

ಚಿಕ್ಕಮ್ಮ ನಮ್ಮಿಬ್ಬರಿಗೂ ಹೊಡೆಯುತ್ತಾಳೆ ಎಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. "ನೀವಿಬ್ರೂ ಈ ಬೆಳೆ ಮುಗಿಯೋಗಂಟ ಬಾಗ್ಲಿಗೆ ಬರಂಗಿಲ್ಲ" ಎಂದಳು. ಆಮೇಲೆ ತಿರುಗಿ ಮೂರು ಸ್ಟ್ಯಾಂಡಿನ ಹಸಿದ ಹುಳಗಳ ಕಡೆ ನೋಡಿದಳು. ಎರಡು ಜೊತೆ ಕೈ ಹೋಗಿತ್ತು, ಉಳಿದದ್ದು ಅವಳದೊಂದೇ ಜೊತೆ. ಗಂಡನ ಮುಂದೆ ಹೋಗಿ ನಿಂತಳು.

"ಕೈ ಕೊಡು ಮಾವ."

ಅವನು ಬೀಡಿ ಕೆಳಗಿಟ್ಟು ಅಂಗೈ ಚಾಚಿದ. ಅವಳು ಬಗ್ಗಿದಳು, ಕಣ್ಣು ಮುಚ್ಚಿದಳು, ಮೂಸಿದಳು. ಮುಖ ಬಾಡಿತು. ಐದು ತಿಂಗಳು ಬೀಡಿ ಮುಟ್ಟದ ಆ ಕೈ ಈಗ ಬೀಡಿ ನಾರುತ್ತಿತ್ತು. ನಾನು ಬಾಯಿ ಮುಚ್ಚಿಕೊಂಡು ನಿಂತ ಆ ಒಂದೂವರೆ ಗಂಟೆಯ ವಾಸನೆ ಅದು.

"ತೊಳ್ಕಂಡ್ ಬಾ" ಎಂದಳು.

ತೊಟ್ಟಿಯ ಹತ್ತಿರ ಅವನು ಬೊಗಸೆ ಒಡ್ಡಿದ, ನಾನು ಚೊಂಬಿನಲ್ಲಿ ನೀರು ಹಾಕಿದೆ. ಸೋಪಿನಲ್ಲಿ ತೊಳೆದು ಓಡಿದ. ಅವಳು ಮೂಸಿ, "ಊಹೂಂ" ಎಂದಳು. ಬೂದಿ ಹಚ್ಚಿ ಉಜ್ಜಿದ, ಓಡಿದ. "ಊಹೂಂ." ಹುಣಸೆಹಣ್ಣು ತಂದೆ, ಕಿವುಚಿದ, ಓಡಿದ. "ಇನ್ನೂ ಒಸಿ ಐತೆ." ಐವತ್ತು ವರ್ಷದವನು ತೊಟ್ಟಿಗೂ ಬಾಗಿಲಿಗೂ ಪಂಚೆ ಎತ್ತಿಕೊಂಡು ಓಡಾಡುತ್ತಿದ್ದ. ನಾಲ್ಕನೇ ಸಲ ತಂಗಿ ಒಂದು ಹಿಡಿ ರೇಷ್ಮೆ ಸೊಪ್ಪು ಜಜ್ಜಿ ಅವನ ಕೈಗೆ ತಿಕ್ಕಿದಳು. ಅವನಿಗೇ ನಗು ಬಂತು, ನಮಗೂ ತಡೆಯಲಾಗಲಿಲ್ಲ. ಅಳುತ್ತಲೇ ನಗುತ್ತಿದ್ದೆ, ಚೊಂಬಿನ ನೀರು ಅರ್ಧ ಅವನ ಪಂಚೆಯ ಮೇಲೆ ಬಿತ್ತು.

ಐದನೇ ಸಲ ಅವಳು ತುಂಬ ಹೊತ್ತು ಮೂಸಿದಳು. ಪಕ್ಕಕ್ಕೆ ಸರಿದಳು.

ಚಿಕ್ಕಪ್ಪ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ತಲೆ ಬಗ್ಗಿಸಿ, ತಾನೇ ಕಟ್ಟಿದ ಮನೆಯೊಳಕ್ಕೆ ಹೋದ. ಟ್ರಂಕಿನಲ್ಲಿದ್ದ ಟವೆಲ್ಲು ಯಾರಿಗೂ ನೆನಪಾಗಲಿಲ್ಲ. ಆಮೇಲೆ ಒಳಗಿನಿಂದ ಅವನ ದನಿ ಬಂತು. "ಅಲ್ಲ ಕಣೆ, ಕಿಟಕಿ ಇಷ್ಟ್ ಸಣ್ಣದು ಮಡಗಿದ್ನಾ ನಾನು? ಇಷ್ಟ್ ವರ್ಸ ಹೆಂಗ್ ಕೆಲಸ ಮಾಡ್ದೆ ಇದ್ರಾಗೆ?"

ಹೊರಗೆ ಚಪ್ಪಡಿ ಕಲ್ಲು ಖಾಲಿ ಇತ್ತು. ನಾನು ಹೋಗಿ ಅದರ ಮೇಲೆ ಕೂತೆ.

ಆ ನಾಲ್ಕು ದಿನ ಅದೇ ನನ್ನ ಜಾಗ. ಬೀಡಿ ಕಟ್ಟು, ಕಡ್ಡಿ, ಸತ್ತ ಹುಳ ಎಲ್ಲವೂ ಸುಣ್ಣದ ಗುಂಡಿಗೆ ಹೋಗಿದ್ದವು. ಎರಡನೇ ದಿನಕ್ಕೆ ತಲೆ ನೋವು, ಸಿಡುಕು, ಕೈ ಸುಮ್ಮಸುಮ್ಮನೆ ಜೇಬಿಗೆ ಹೋಗುವುದು. ತಂಗಿಯೊಡನೆ ಬಾಚಣಿಗೆಗೆ ಜಗಳವಾಡಿದೆ. ಚಿಕ್ಕಪ್ಪ ಸೊಪ್ಪು ತೆಗೆದುಕೊಂಡು ಹೋಗಲು ಬಂದವನು ನನ್ನ ಮುಖ ನೋಡಿದ.

"ಬಾಯಿ ಬೇಡ್ತೈತಾ?"

ಇಲ್ಲ ಎನ್ನಬೇಕೆಂದುಕೊಂಡೆ. "ಹೂಂ" ಎಂದೆ. ಹಣ್ಣಿನ ಆವಿಯೇ ಆಗಿದ್ದರೆ ಯಾಕೆ ಬೇಡುತ್ತಿತ್ತು.

ಅವನು ಜೇಬಿನಿಂದ ಒಂದು ಹಿಡಿ ಕಡಲೆಕಾಯಿ ತೆಗೆದು ನನ್ನ ಮಡಿಲಿಗೆ ಹಾಕಿದ. "ಒಂದೊಂದೇ ಸುಲಿ. ಬೇಗ ಸುಲೀಬ್ಯಾಡ" ಎಂದು ಹೇಳಿ, ಕೈ ಚಾಚಿಕೊಂಡು ಬಾಗಿಲಿಗೆ ಹೋದ.

ಹುಳ ಹಣ್ಣಾದವು. ನನ್ನ ಸ್ಟ್ಯಾಂಡಿನದು ಬಿಟ್ಟು ಉಳಿದವೆಲ್ಲ ಗೂಡು ಕಟ್ಟಿದವು. ಊರಿಗೆ ಹೊರಡುವ ಬೆಳಿಗ್ಗೆ ಬ್ಯಾಗು ಕೆಳಗಿಟ್ಟು, ಬಾಗಿಲಿನಾಚೆ ನಿಂತು, ಕೇಳದೆಯೇ ಎರಡೂ ಅಂಗೈ ಚಾಚಿದೆ. ಚಿಕ್ಕಮ್ಮ ಕೈ ಒರೆಸಿಕೊಂಡು ಬಂದಳು. ಬಗ್ಗಿದಳು, ಕಣ್ಣು ಮುಚ್ಚಿದಳು.

"ಕಳ್ಳೇಕಾಯಿ" ಎಂದಳು. ನಾನು ಒಂದು ಹೆಜ್ಜೆ ಮುಂದಿಟ್ಟೆ. ಅವಳು ಬಾಗಿಲಿನಿಂದ ಸರಿಯಲಿಲ್ಲ. ನನ್ನ ಕೆನ್ನೆ ತಟ್ಟಿ, "ಇನ್ನೊಂದ್ ಬೆಳೆ ಕಳೀಲಿ ಮಗ, ನೋಡಾನ" ಎಂದಳು.

ಅವಳ ಹಿಂದೆ, ಒಳಗಿನಿಂದ, ಹೆಗಲ ಮೇಲೆ ಹೊಸ ಟವೆಲ್ ಹಾಕಿಕೊಂಡ ಚಿಕ್ಕಪ್ಪ ನನ್ನ ಕಡೆ ನೋಡಿ ನಗುತ್ತಿದ್ದ. "ಸರ್ಲೇ" ಎಂದೆ ನಾನು. ಪಾವಗಡದ ಬಸ್ಸು ಹತ್ತಿ ಕೂತ ಮೇಲೂ ದಾರಿಯುದ್ದಕ್ಕೂ ನನ್ನ ಕೈ ನಾನೇ ಮೂಸಿಕೊಳ್ಳುತ್ತಿದ್ದೆ.